ಹೆಸರು ಹಾಕಿಲ್ಲ ಅಲ್ವಾ ಮೇಡಂ?

ಪೀಣ್ಯದ ಕಾರ್ಖಾನೆಗಳಲ್ಲಿ ಎಚ್‌ಆರ್ ಕೆಲಸ ಮಾಡುತ್ತಾ ನನಗೆ 19 ವರ್ಷ ಆಯಿತು. ಮೊದಲೆಲ್ಲಾ ನನ್ನ ಟೇಬಲ್ಲಿಗೆ ಬರುತ್ತಿದ್ದ ಜಗಳ ಕ್ಯಾಂಟೀನಿನದ್ದು, ಓಟಿಯದ್ದು, ರಜೆಯದ್ದು. ಈಗ ವಾಟ್ಸಾಪ್ ಸ್ಟೇಟಸ್ಸಿನದ್ದೇ ಜಾಸ್ತಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಅಂದರೆ ಜನ ಸ್ವಲ್ಪ ಹುಷಾರಾಗಿರುತ್ತಾರೆ. ಅಲ್ಲಿ ಊರೆಲ್ಲಾ ನೋಡುತ್ತೆ ಅಂತ ಗೊತ್ತು. ಸ್ಟೇಟಸ್ ಮಾತ್ರ ತಮ್ಮ ಮನೆ ಜಗುಲಿ ಅಂದುಕೊಂಡಿದ್ದಾರೆ.

ಏಪ್ರಿಲ್‌ನಲ್ಲಿ ಪ್ರಮೋಷನ್ ಪಟ್ಟಿ ಅಂಟಿಸುತ್ತೇವೆ. ಅವತ್ತು ಸಂಜೆ ಶುರು. 'ನಂಬಿದವರೇ ಬೆನ್ನಿಗೆ ಚೂರಿ ಹಾಕಿದರು', 'ಬಕೆಟ್ ಹಿಡಿಯೋರಿಗೇ ಕಾಲ'. ಯಾರ ಹೆಸರೂ ಇರುವುದಿಲ್ಲ. ಕರೆದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಹೆಸರು ಹಾಕಿಲ್ಲ ಅಲ್ವಾ ಮೇಡಂ? ನನ್ನ ಪರ್ಸನಲ್ ನಂಬರ್ ಅದು."

ದಯವಿಟ್ಟು ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಿ. ನೀವೇನೂ ಬದಲಾಯಿಸದಿದ್ದರೆ, ನಿಮ್ಮ ಸ್ಟೇಟಸ್ ನಿಮ್ಮ ಫೋನಿನಲ್ಲಿ ಸೇವ್ ಆಗಿರುವ ಎಲ್ಲರಿಗೂ ಕಾಣಿಸುತ್ತದೆ. ಅವರ ಫೋನಿನಲ್ಲೂ ನಿಮ್ಮ ನಂಬರ್ ಇದ್ದರೆ ಸಾಕು. ನೀವು ಕಳಿಸಬೇಕಿಲ್ಲ, ಅವರು ಹುಡುಕಬೇಕಿಲ್ಲ. ಇಂಟರ್‌ವ್ಯೂ ದಿನ ನೀವು ನನ್ನ ನಂಬರ್ ಸೇವ್ ಮಾಡಿಕೊಂಡಿರಿ, ನಾನು ನಿಮ್ಮದನ್ನು ಮಾಡಿಕೊಂಡೆ. ಅವತ್ತಿನಿಂದ ನಿಮ್ಮ ಸ್ಟೇಟಸ್ಸೆಲ್ಲಾ ನನಗೂ ಬರುತ್ತಿದೆ. ಕಸ್ಟಮರ್ ಕಡೆಯ ಕ್ವಾಲಿಟಿಯವರಿಗೆ ಒಮ್ಮೆ ಡಿಸ್ಪ್ಯಾಚ್ ಫೋಟೋ ಕಳಿಸಿದ್ದಿರಿ. ಅವರಿಗೂ ಬರುತ್ತಿದೆ. ನಂಬರ್ ನಿಮ್ಮದೇ. ನೋಡುವವರ ಪಟ್ಟಿ ಮಾತ್ರ ಅರ್ಧಕ್ಕರ್ಧ ಕೆಲಸದಿಂದಲೇ ಬಂದದ್ದು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ತುಮಕೂರು ಕಡೆಯವನು, ಸಿಎನ್‌ಸಿ ಆಪರೇಟರ್, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಮಷೀನ್ ನಡೆಸುವವನು. ಕೈ ಬಹಳ ಚೊಕ್ಕ, ಅವನು ಮಾಡಿದ ಪೀಸ್ ರಿಜೆಕ್ಟ್ ಆಗಿದ್ದು ನಾನು ಕೇಳಿದ್ದೇ ಕಡಿಮೆ. ಆ ವರ್ಷ ಅವನ ಬದಲು ಪಕ್ಕದ ಲೈನಿನವನು ಸೂಪರ್‌ವೈಸರ್ ಆದ. ಸಂಜೆ 6.40ಕ್ಕೆ ಸ್ಟೇಟಸ್ ಬಂತು: 'ನಾಯಿನ ಸಿಂಹಾಸನದ ಮೇಲೆ ಕೂರಿಸಿದರೂ ಬುದ್ಧಿ ಬಿಡಲ್ಲ.' ಮರುದಿನ ಬೆಳಿಗ್ಗೆ ಕಸ್ಟಮರ್ ಕಡೆಯಿಂದ ಫೋನು. "ಏನ್ ಮೇಡಂ, ನಿಮ್ಮ ಶಾಪಿನಲ್ಲಿ ಏನೋ ಗಲಾಟೆ ಅಂತೆ?" ಹೆಸರು ಇರಲಿಲ್ಲ, ನಿಜ. ಪಟ್ಟಿ ಅಂಟಿಸಿದ ದಿನವೇ ಹಾಕಿದ ಮೇಲೆ ಹೆಸರು ಯಾಕೆ ಬೇಕು?

ಅವನನ್ನು ಕರೆದು ಕೂರಿಸಿದೆ. ಬೈಯಲಿಲ್ಲ. "ಆ ಕಣ್ಣಿನ ಗುರುತು ಒತ್ತಪ್ಪ, ಯಾರ್ಯಾರು ನೋಡಿದ್ದಾರೆ ಒಂದೊಂದೇ ಹೆಸರು ಓದು" ಅಂದೆ. 143 ಜನ. ಓದತೊಡಗಿದ. ಅತ್ತೆ, ಮನೆ ಓನರ್, ಚೀಟಿ ಆಂಟಿ, ಕ್ಯಾಂಟೀನ್ ಕಾಂಟ್ರ್ಯಾಕ್ಟರ್, ಹೊಸ ಸೂಪರ್‌ವೈಸರ್, ಆ ಸೂಪರ್‌ವೈಸರ್‌ನ ಹೆಂಡತಿ. ಅರ್ಧಕ್ಕೆ ಬಂದವನು ನಿಲ್ಲಿಸಿಬಿಟ್ಟ. ಐಟಿಐ ಮೇಷ್ಟ್ರ ಹೆಸರು. ಅವನನ್ನು ನಮ್ಮಲ್ಲಿಗೆ ಕಳಿಸಿಕೊಟ್ಟವರೇ ಅವರು. ಎಣ್ಣೆ ಮೆತ್ತಿದ ಹೆಬ್ಬೆರಳು ಆ ಹೆಸರಿನ ಮೇಲೇ ಇತ್ತು. ಆಮೇಲೆ ಓದಲಿಲ್ಲ.

ಅವನ ಸಿಟ್ಟು ಸುಳ್ಳು ಅಂತ ನಾನು ಹೇಳುವುದಿಲ್ಲ. ಆ ಸಲ ಅವನಿಗೇ ಸಿಗಬೇಕಿತ್ತು ಅಂತ ನನಗೂ ಅನಿಸಿತ್ತು. ಬೇಜಾರಿದ್ದರೆ ನನ್ನ ಹತ್ತಿರ ಬನ್ನಿ, ಬಾಗಿಲು ತೆಗೆದೇ ಇರುತ್ತದೆ. ಲಿಖಿತವಾಗಿ ದೂರು ಕೊಡಿ, ಯೂನಿಯನ್‌ಗೆ ಹೇಳಿ. ಅದಕ್ಕೊಂದು ಉತ್ತರ ಕೊಡಲೇಬೇಕಾಗುತ್ತದೆ. ಸ್ಟೇಟಸ್‌ಗೆ ಯಾರೂ ಉತ್ತರ ಕೊಡುವುದಿಲ್ಲ, ಸುಮ್ನೆ ನೋಡುತ್ತಾರೆ, ನೆನಪಿಟ್ಟುಕೊಳ್ಳುತ್ತಾರೆ. 24 ಗಂಟೆಗೆ ಅದೇ ಅಳಿಸಿಹೋಗುತ್ತೆ ಅನ್ನುವುದನ್ನೂ ನಂಬಿ ಕೂರಬೇಡಿ. ಸ್ಕ್ರೀನ್‌ಶಾಟ್ ತೆಗೆದರೆ ನಿಮಗೆ ಗೊತ್ತೂ ಆಗುವುದಿಲ್ಲ. ನನ್ನ ಟೇಬಲ್ಲಿಗೆ ಬರುವುದು ಆ ಸ್ಕ್ರೀನ್‌ಶಾಟೇ.

ಸ್ಟೇಟಸ್ ಹಾಕಿದ್ದಕ್ಕೇ ಕೆಲಸ ಹೋಗುತ್ತಾ ಅಂತ ಕೇಳುತ್ತಾರೆ. ಒಂದೇ ಮಾತಿನಲ್ಲಿ ಹೌದು, ಇಲ್ಲ ಅನ್ನಲು ಬರುವುದಿಲ್ಲ. ನಿಮ್ಮ ಕಂಪನಿಯ ಸ್ಟ್ಯಾಂಡಿಂಗ್ ಆರ್ಡರ್ಸ್‌ನಲ್ಲಿ, ಅಂದರೆ ಕೆಲಸದ ಷರತ್ತು, ಶಿಸ್ತಿನ ನಿಯಮಗಳಲ್ಲಿ ಏನಿದೆ, ನೀವು ಬರೆದದ್ದು ಏನು, ಹಿಂದೆ ಏನಾಗಿತ್ತು, ಎಲ್ಲಾ ನೋಡಬೇಕಾಗುತ್ತದೆ. ನೋಟಿಸ್ ಬಂದಿದ್ದರೆ ವಕೀಲರನ್ನು ಕೇಳಿ. ರಾಜ್ಯ ಸರ್ಕಾರಿ ನೌಕರರಿಗಂತೂ 2021ರ ನಡತೆ ನಿಯಮಗಳೇ ಬೇರೆ ಇವೆ.

ಆಯುಧಪೂಜೆ ಫೋಟೋ ಬಗ್ಗೆಯೂ ಹೇಳಿಬಿಡುತ್ತೇನೆ. ಮಷೀನಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು ಸೆಲ್ಫಿ ತೆಗೆಯುತ್ತೀರಿ. ನೋಡಲು ನನಗೂ ಖುಷಿ. ಹಿಂದುಗಡೆ ಕಸ್ಟಮರ್ ಡ್ರಾಯಿಂಗ್ ತೂಗುಹಾಕಿದ್ದರೆ ಮಾತ್ರ ಅದನ್ನು ತೆಗೆದಿಟ್ಟು ಫೋಟೋ ತೆಗೆಯಿರಿ. ಅದನ್ನು ಗುಟ್ಟಾಗಿಡುತ್ತೇವೆ ಅಂತ ಕಸ್ಟಮರ್‌ಗೆ ಸಹಿ ಮಾಡಿಕೊಟ್ಟಿದ್ದೇವೆ.

ಆ ಹುಡುಗ ಅವತ್ತು ನನ್ನ ಎದುರಿಗೇ ಸ್ಟೇಟಸ್ ಡಿಲೀಟ್ ಮಾಡಿದ. ನೋಡಿದವರು ನೋಡಿಯಾಗಿತ್ತು. ಆಮೇಲೆ ಸ್ಟೇಟಸ್ ಪ್ರೈವೆಸಿ ತೆರೆದು, 'ಓನ್ಲಿ ಶೇರ್ ವಿತ್' ಅನ್ನುವುದನ್ನು ತೋರಿಸಿಕೊಟ್ಟೆ. ಅಲ್ಲಿ ಆರಿಸಿದವರಿಗಷ್ಟೇ ಕಾಣುತ್ತದೆ, ಅದೂ ಇನ್ನು ಮುಂದೆ ಹಾಕುವುದು ಮಾತ್ರ. ಹೆಂಡತಿ, ತಮ್ಮ, ಊರಿನ ಮೂರ್ನಾಲ್ಕು ಗೆಳೆಯರು, ಹೀಗೆ 11 ಜನರನ್ನು ಆರಿಸಿದ. ನನ್ನ ಹೆಸರು ಬಂದಾಗ ತಲೆಯೆತ್ತಿ ನೋಡಿದ.

"ನಿಮ್ಮನ್ನ ಹಾಕ್ಲಾ ಮೇಡಂ?"

"ಬೇಡಪ್ಪ" ಅಂದೆ. "ನನಗೆ ಹೇಳೋದಿದ್ರೆ ಬಂದು ಹೇಳು."