ಬೇರೆಯವರು ಬಿಟ್ಟುಹೋದ ಸಿನಿಮಾಗಳಿಂದ ನಿರ್ದೇಶಕರಾದ ಮಾರಿಯೋ ಬಾವಾ

ಇಟಲಿಯ ಹಾರರ್ ಚಿತ್ರಗಳ ಮಾತು ಬಂದರೆ ಮಾರಿಯೋ ಬಾವಾ ಹೆಸರು ಬಂದೇ ಬರುತ್ತದೆ. ಆದರೆ ನಿರ್ದೇಶಕರಾಗಿ ಮೊದಲ ಸಿನಿಮಾ ಬಿಡುಗಡೆಯಾದಾಗ ಅವರಿಗೆ 46 ವರ್ಷ. ಅದಕ್ಕೂ ಮೊದಲು ಸುಮಾರು ಎರಡು ದಶಕ ಅವರು ಕ್ಯಾಮೆರಾ ಹಿಂದೆಯೇ ಇದ್ದರು.

ಹುಟ್ಟಿದ್ದು 1914ರಲ್ಲಿ, ಸಾನ್ ರೆಮೋದಲ್ಲಿ. ಅಪ್ಪ ಯುಜೆನಿಯೋ ಶಿಲ್ಪಿ, ಮೂಕಿ ಚಿತ್ರಗಳ ಕ್ಯಾಮೆರಾಮನ್, ಟ್ರಿಕ್ ಶಾಟ್‌ಗಳಲ್ಲಿ ಪಳಗಿದ ಕೈ. ಮಗನಿಗೆ ಚಿತ್ರಕಲಾವಿದನಾಗುವ ಆಸೆ ಇತ್ತು. ಕೊನೆಗೆ ಹಿಡಿದದ್ದು ಅಪ್ಪನ ಕಸುಬನ್ನೇ.

ತಿರುವು ಸಿಕ್ಕಿದ್ದು 1957ರ 'ಇ ವಾಂಪಿರಿ'ಯಲ್ಲಿ. ನಿರ್ದೇಶಕ ರಿಕ್ಕಾರ್ದೋ ಫ್ರೆದಾ ಅರ್ಧಕ್ಕೇ ಬಿಟ್ಟುಹೋದರು. ಉಳಿದದ್ದನ್ನು ಛಾಯಾಗ್ರಾಹಕ ಬಾವಾ ಮುಗಿಸಿದರು. ಆ ಚಿತ್ರದಲ್ಲಿ ನಟಿ ಜಿಯಾನ್ನಾ ಮರಿಯಾ ಕನಾಲೆಯ ಚೆಂದದ ಮುಖ ನಮ್ಮ ಕಣ್ಣೆದುರೇ ಮುದಿಯಾಗುತ್ತದೆ, ನಡುವೆ ಒಂದೂ ಕಟ್ ಇಲ್ಲದೆ! ಗುಟ್ಟು ಇರುವುದು ಬಣ್ಣದಲ್ಲಿ. ಕೆಂಪು ಬೆಳಕಿನಲ್ಲಿ ಕೆಂಪು ಮೇಕಪ್ ಗೆರೆಗಳು ಕಪ್ಪು-ಬಿಳುಪು ಫಿಲ್ಮ್‌ಗೆ ಕಾಣುವುದಿಲ್ಲ. ಬೆಳಕು ಹಸಿರಾದರೆ ಅದೇ ಗೆರೆಗಳು ಕಪ್ಪಗೆ ಎದ್ದು ಬರುತ್ತವೆ. ಹಾಲಿವುಡ್ ಇದನ್ನು 1930ರ ದಶಕದಲ್ಲೇ ಬಳಸಿತ್ತು, ನಿಜ. ಆದರೂ ಇಷ್ಟು ಸಲೀಸಾಗಿ ಮಾಡಲು ಬೆಳಕನ್ನು ಅರೆದು ಕುಡಿದವರೇ ಬೇಕು.

1959ರಲ್ಲಿ 'ಕಾಲ್ಟಿಕಿ' ಚಿತ್ರವನ್ನೂ ಫ್ರೆದಾ ಬಿಟ್ಟು ನಡೆದರು, ಮುಗಿಸಿದ್ದು ಮತ್ತೆ ಬಾವಾ. ಅದೇ ವರ್ಷ ಜಾಕ್ ಟೂರ್ನರ್ ಅವರ ಮ್ಯಾರಥಾನ್ ಯುದ್ಧದ ಚಿತ್ರಕ್ಕೂ ಬಾವಾ ಕೈಹಾಕಿ ದಡ ಮುಟ್ಟಿಸಿದರು. ಈ ಉಪಕಾರಕ್ಕೆ ಗಲಾತೇಯಾ ಎಂಬ ಚಿತ್ರ ನಿರ್ಮಾಣ ಸಂಸ್ಥೆ ಸ್ವಂತ ಚಿತ್ರ ಮಾಡಲು ಅವಕಾಶ ಕೊಟ್ಟಿತು. ಹಾಗೆ ಬಂದದ್ದು 1960ರ 'ಲಾ ಮಾಸ್ಕೆರಾ ದೆಲ್ ದೆಮೋನಿಯೋ'. ರಷ್ಯನ್ ಲೇಖಕ ಗೊಗೊಲ್ ಕಥೆಯೊಂದರ ಎಳೆ, ನಟಿ ಬಾರ್ಬರಾ ಸ್ಟೀಲ್ ಅವರ ದೊಡ್ಡ ಕಣ್ಣು, ಬಾವಾ ಅವರದೇ ಕ್ಯಾಮೆರಾ. ಅಮೆರಿಕದಲ್ಲಿ ಚೆನ್ನಾಗಿ ಓಡಿತು. ಬ್ರಿಟನ್‌ನಲ್ಲಿ 1968ರವರೆಗೂ ಸೆನ್ಸಾರ್ ಬಿಡಲಿಲ್ಲ.

ನನ್ನ ಪ್ರಕಾರ ಅವರ ನಿಜವಾದ ತಾಕತ್ತು ಕಾಣುವುದು ಬಣ್ಣದ ಚಿತ್ರಗಳಲ್ಲಿ. 1964ರ 'ಸೇಯಿ ದೊನ್ನೆ ಪೆರ್ ಲಸ್ಸಾಸ್ಸಿನೋ' ಒಂದು ಫ್ಯಾಷನ್ ಮನೆಯ ಸರಣಿ ಕೊಲೆಗಳ ಕಥೆ. ಕೊಲೆಗಾರ ಯಾರು ಅನ್ನುವುದಕ್ಕಿಂತ ಗೋಡೆ ಮೇಲಿನ ಕೆಂಪು, ನೇರಳೆ, ಹಸಿರು ಬೆಳಕೇ ಜಾಸ್ತಿ ಹೆದರಿಸುತ್ತದೆ. ಟ್ರಾಲಿಗೂ ದುಡ್ಡಿರಲಿಲ್ಲ, ಮಕ್ಕಳ ಆಟದ ಗಾಡಿ ಮೇಲೆ ಕ್ಯಾಮೆರಾ ಓಡಿಸಿದರು. ಮರುವರ್ಷದ 'ತೆರ್ರೋರೆ ನೆಲ್ಲೋ ಸ್ಪಾತ್ಸಿಯೋ'ದಲ್ಲಿ ಇಡೀ ಒಂದು ಗ್ರಹ ಎದ್ದು ನಿಂತದ್ದು ನಾಲ್ಕಾರು ನಕಲಿ ಬಂಡೆ, ಕನ್ನಡಿ, ಹೊಗೆಯಿಂದ. 1979ರ 'ಏಲಿಯನ್' ನೋಡಿದವರಿಗೆ ಅದರ ನೆನಪಾಗದೇ ಇರದು.

ಕಡಿಮೆ ದುಡ್ಡಿನಲ್ಲಿ ಮುಗಿಸುವವರು ಅನ್ನೋ ಹೆಸರೇ ಅವರಿಗೆ ಕೆಲಸ ತಂದಿತು. ಅದೇ ಹೆಸರು ಅವರನ್ನು ಸಣ್ಣ ನಿರ್ಮಾಪಕರ ಬಳಿಯೇ ಕಟ್ಟಿಹಾಕಿತು. ಇದು ಅನ್ಯಾಯ ಅಲ್ವಾ? 'ಲೀಸಾ ಎ ಇಲ್ ದಿಯಾವೊಲೋ' ಅವರಿಗೆ ಸಿಕ್ಕ ಅಪರೂಪದ ಸ್ವಾತಂತ್ರ್ಯ. ಅದು ಮಾರಾಟವಾಗದಿದ್ದಾಗ ನಿರ್ಮಾಪಕರು ದೆವ್ವ ಬಿಡಿಸುವ ದೃಶ್ಯಗಳನ್ನು ಸೇರಿಸಿ 1975ರಲ್ಲಿ ಬೇರೆಯದೇ ಚಿತ್ರವಾಗಿ ಹೊರತಂದರು. ನಡುವೆ ತೆಗೆದ 'ಕಾನಿ ಅರಬ್ಬಿಯಾತಿ' ಹಣದ ಮುಗ್ಗಟ್ಟಿಗೆ ಸಿಕ್ಕಿ ಪೆಟ್ಟಿಗೆಯಲ್ಲೇ ಉಳಿಯಿತು.

ಕೊನೆಯ ದಿನಗಳಲ್ಲಿ ಅವರು ನಿರ್ದೇಶಕ ದಾರಿಯೋ ಅರ್ಜೆಂತೋ ಅವರ 'ಇನ್ಫೆರ್ನೋ' ಚಿತ್ರಕ್ಕೆ ಟ್ರಿಕ್ ಶಾಟ್‌ಗಳನ್ನು ಮಾಡಿಕೊಟ್ಟರು. 1980ರ ಏಪ್ರಿಲ್‌ನಲ್ಲಿ ರೋಮ್‌ನಲ್ಲಿ ತೀರಿಕೊಂಡರು. 'ಕಾನಿ ಅರಬ್ಬಿಯಾತಿ' ಜನರ ಮುಂದೆ ಬಂದದ್ದು 1990ರ ದಶಕದಲ್ಲಿ.