ಅರವತ್ತು ಸಾವಿರ ಫೋಟೋ ಜೋಡಿಸಿಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು?

ಪ್ರಶ್ನೆ: ನಮ್ಮನೆಯಲ್ಲಿ 2004ರಿಂದ ಈಚೆಗೆ ತೆಗೆದ ಸುಮಾರು 60,000 ಫೋಟೋಗಳಿವೆ. ಎರಡು ಹಳೇ ಕ್ಯಾಮೆರಾದವು, ನಾಲ್ಕೈದು ಫೋನಿನವು, ವಾಟ್ಸಾಪಿನಲ್ಲಿ ಬಂದವು, ಸ್ಕ್ಯಾನ್ ಮಾಡಿಸಿದ ಹಳೇ ಆಲ್ಬಮ್ಮು, ಎಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿ ಕಲಸುಮೇಲೋಗರ ಆಗಿವೆ. ಅಕ್ಕನ ಮದುವೆಯ ಒಂದು ಫೋಟೋ ಬೇಕು ಅಂದರೆ ಅರ್ಧ ದಿನ ಹುಡುಕಬೇಕು. ಜೋಡಿಸಿಡೋಕೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ? ದುಡ್ಡು ಕೊಟ್ಟು ತಗೊಂಡರೆ ಒಳ್ಳೇದಾ?

ಉತ್ತರ: ಕಂಪ್ಯೂಟರ್ ಮುಂದೆ ಕೂತು ಮಾಡುವ ತಾಳ್ಮೆ ಇದ್ದರೆ ಡಿಜಿಕ್ಯಾಮ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಕೆಡಿಇ ಅನ್ನುವ ಸ್ವಯಂಸೇವಕರ ಬಳಗದವರು ಮಾಡಿರುವ ಮುಕ್ತ ತಂತ್ರಾಂಶ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಇದನ್ನೇ ಯಾಕೆ ಹೇಳಿದೆ ಅಂತ ಗೊತ್ತಾದರೆ, ನಾಳೆ ಇನ್ನೊಂದು ಬಂದಾಗ ನೀವೇ ತೂಗಿ ನೋಡಬಹುದು.

ಇಂಥ ಸಾಫ್ಟ್‌ವೇರ್ ಆರಿಸುವಾಗ ಎಲ್ಲರೂ ನೋಡುವುದು ಒಳಗೆ ಏನೇನಿದೆ ಅಂತ. ಮುಖ ಗುರುತಿಸುತ್ತಾ, ಮ್ಯಾಪಿನಲ್ಲಿ ತೋರಿಸುತ್ತಾ, ಸ್ಲೈಡ್‌ಶೋ ಇದೆಯಾ. ನಾನು ಮೊದಲು ನೋಡುವುದು ಹೊರಗೆ ಬರುವ ದಾರಿ. ಅಷ್ಟೊಂದು ಫೋಟೋಗೆ ಹೆಸರು, ಊರು, ಸಂದರ್ಭ ಬರೆಯೋದು ಅಂದರೆ ವರ್ಷಗಟ್ಟಲೆ ಭಾನುವಾರಗಳನ್ನು ತಿನ್ನುವ ಕೆಲಸ. ಹೀಗೆ ಬರೆದದ್ದು ಎಲ್ಲಿ ಹೋಗಿ ಕೂರುತ್ತದೆ? ಫೋಟೋ ಫೈಲಿನ ಒಳಗಾ, ಸಾಫ್ಟ್‌ವೇರಿನ ಹೊಟ್ಟೆಯೊಳಗಾ?

ಫೋಟೋ ಜೋಡಿಸುತ್ತಿದ್ದ ಪಿಕಾಸ ನೆನಪಿದೆ ಅಲ್ವಾ? 2004ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡು ಪುಕ್ಕಟೆ ಕೊಟ್ಟಿತು. ಬಳಸಲು ಅಷ್ಟು ಸಲೀಸಾದದ್ದು ಆಮೇಲೆ ಬಂದಿಲ್ಲ ಅಂತ ಈಗಲೂ ಹೇಳುವವರಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಬಲ ನಿಂತಿತು. ಫೋಟೋಗಳಿಗೇನೂ ಆಗಲಿಲ್ಲ. ಜೆಪೆಗ್ ಫೋಟೋಗೆ ಬರೆದ ಶೀರ್ಷಿಕೆ, ಟ್ಯಾಗು (ಹುಡುಕಲು ಅಂಟಿಸುವ ಪದ) ಕೂಡ ಫೈಲಿನೊಳಗೇ ಇದ್ದವು, ಹಾಗಾಗಿ ಉಳಿದವು. ಆದರೆ ಆಲ್ಬಮ್ಮುಗಳು, ಮುಖಕ್ಕೆ ಕೊಟ್ಟ ಹೆಸರುಗಳು ಪಿಕಾಸದ ಸ್ವಂತ ಲೆಕ್ಕದ ಪುಸ್ತಕದಲ್ಲಿದ್ದವು. ಹೆಸರನ್ನು ಫೋಟೋದಲ್ಲೇ ಇಡು ಅನ್ನುವ ಆಯ್ಕೆ ಕೊನೆಯ ಆವೃತ್ತಿಗಳಲ್ಲಿ ಇತ್ತು. ಅದನ್ನು ಆನ್ ಮಾಡಿಕೊಂಡವರು ಬಚಾವಾದರು. ಆಪಲ್‌ನ ಅಪರ್ಚರ್ ದುಡ್ಡು ಕೊಟ್ಟು ಕೊಳ್ಳುವಂಥದ್ದು, ವೃತ್ತಿಪರರಿಗೇ ಮಾಡಿದ್ದು. ಅದನ್ನೂ 2014ರಲ್ಲಿ ಕೈಬಿಟ್ಟೆವು ಅಂದರು. 2019ರಲ್ಲಿ ಕ್ಯಾಟಲಿನಾ ಅನ್ನುವ ಮ್ಯಾಕ್ ಆವೃತ್ತಿ ಬಂದ ಮೇಲೆ ಮ್ಯಾಕಿನಲ್ಲಿ ಅದು ತೆರೆಯುವುದೇ ಇಲ್ಲ. ದುಡ್ಡು ಕೊಟ್ಟರೆ ಗ್ಯಾರಂಟಿ ಅನ್ನೋದು ಈ ವಿಷಯದಲ್ಲಿ ನಡೆಯೋದಿಲ್ಲ.

ಜೆಪೆಗ್ ಫೈಲಿನಲ್ಲಿ ಚಿತ್ರದ ಜೊತೆಗೆ ಬರಹಕ್ಕೆ ಅಂತಲೇ ಜಾಗ ಇದೆ. ಕ್ಯಾಮೆರಾ ತಾನೇ ಬರೆಯುವುದು ಎಕ್ಸಿಫ್: ತೆಗೆದ ದಿನ, ಗಂಟೆ, ಕ್ಯಾಮೆರಾ ಮಾಡೆಲ್, ಜಿಪಿಎಸ್ ಇದ್ದರೆ ಜಾಗ. ನಾವು ಬರೆಯುವುದಕ್ಕೆ ಎರಡು ಖಾನೆಗಳಿವೆ. ಹಳೆಯದು ಐಪಿಟಿಸಿ, ಪತ್ರಿಕೆ ಮತ್ತು ಸುದ್ದಿ ಸಂಸ್ಥೆಗಳ ಅಗತ್ಯಕ್ಕೆ ಹುಟ್ಟಿದ್ದು. ಹೊಸದು ಎಕ್ಸ್‌ಎಂಪಿ, 2001ರಲ್ಲಿ ಅಡೋಬಿ ತಂದಿದ್ದು, ಈಗ ಐಎಸ್‌ಒ ಒಪ್ಪಿದ ಸ್ಟ್ಯಾಂಡರ್ಡ್. ಹಿಂದೆ ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ. ಬರೆದರೆ ಫೋಟೋ ಕೆಡುತ್ತಾ ಅಂತ ಹಲವರು ಹೆದರುತ್ತಾರೆ. ಇಲ್ಲ, ಚಿತ್ರದ ಭಾಗವನ್ನು ಅದು ಮುಟ್ಟುವುದೇ ಇಲ್ಲ. ರಾ ಫೈಲು (ಕ್ಯಾಮೆರಾ ಏನೂ ತಿದ್ದದೆ ಹಾಗೇ ಕೊಡುವ ಫೋಟೋ), ವಿಡಿಯೋ ಇಂಥವಕ್ಕೆ ಮಾತ್ರ ಒಳಗೆ ಬರೆಯದೆ ಪಕ್ಕದಲ್ಲಿ ಒಂದು ಪುಟ್ಟ ಎಕ್ಸ್‌ಎಂಪಿ ಫೈಲು ಇಡುವುದು ವಾಡಿಕೆ. ಇದಕ್ಕೆ ಸೈಡ್‌ಕಾರ್ ಅನ್ನುತ್ತಾರೆ. ಫೋಟೋ ಎಲ್ಲಿಗೆ ಹೋದರೂ ಅದೂ ಜೊತೆಗೆ ಹೋಗಬೇಕು.

ಈಗ ಪರೀಕ್ಷೆ. ಯಾವ ಸಾಫ್ಟ್‌ವೇರ್ ಆದರೂ ಸರಿ, ಮೊದಲು ನೂರು ಫೋಟೋ ಬೇರೆ ಫೋಲ್ಡರಿಗೆ ನಕಲು ಮಾಡಿ ಅದನ್ನಷ್ಟೇ ಒಳಗೆ ಬಿಡಿ. ಒಂದಷ್ಟಕ್ಕೆ ಟ್ಯಾಗ್ ಹಾಕಿ, ಕೆಲವಕ್ಕೆ ಶೀರ್ಷಿಕೆ ಬರೆಯಿರಿ, ಒಂದೆರಡಕ್ಕೆ ದಿನಾಂಕ ತಿದ್ದಿ, ನಾಲ್ಕು ಮುಖಕ್ಕೆ ಹೆಸರು ಕೊಡಿ. ಸಾಫ್ಟ್‌ವೇರ್ ಮುಚ್ಚಿ. ಆ ಫೋಲ್ಡರನ್ನು ಬೇರೊಂದು ಕಂಪ್ಯೂಟರಿನಲ್ಲಿ ಬೇರೊಂದು ಪ್ರೋಗ್ರಾಮಿನಿಂದ ತೆರೆಯಿರಿ. ಬೇರೇನೂ ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ನೋಡಿದರೂ ಆಯಿತು, ಟ್ಯಾಗ್ ಅನ್ನುವ ಸಾಲು ಅಲ್ಲೇ ಇರುತ್ತದೆ. ನೀವು ಬರೆದದ್ದು ಅಲ್ಲಿ ಕಂಡರೆ ಪಾಸ್. ಆ ಸಾಲು ಖಾಲಿ ಇದ್ದರೆ, ಸೆಟ್ಟಿಂಗಿನಲ್ಲಿ ಏನಾದರೂ ಆನ್ ಮಾಡಬೇಕಾ ಅಂತ ಹುಡುಕಿ. ಅಲ್ಲೂ ಸಿಗದಿದ್ದರೆ ಆ ಸಾಫ್ಟ್‌ವೇರ್ ಬೇಡ.

ಟ್ಯಾಗನ್ನು ಕನ್ನಡದಲ್ಲೇ ಬರೆದು ಪರೀಕ್ಷಿಸಿ. ಇದಕ್ಕೊಂದು ಕಾರಣ ಇದೆ. ಹಳೆಯ ಐಪಿಟಿಸಿ ಖಾನೆಯಲ್ಲಿ ಒಂದು ಟ್ಯಾಗಿಗೆ 64 ಬೈಟ್ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕಂಪ್ಯೂಟರಿನಲ್ಲಿ ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು, ಒತ್ತು, ಗುಣಿತಗಳಿಗೂ ಬೇರೆ ಬೇರೆ ಲೆಕ್ಕ. ಅಂದರೆ ಬರೀ 21 ಚಿಹ್ನೆ. 2018ರಲ್ಲಿ ಗೊಮ್ಮಟನ ಮಜ್ಜನಕ್ಕೆ ಹೋಗಿ ತೆಗೆದ ಫೋಟೋಗೆ ‘ಶ್ರವಣಬೆಳಗೊಳ ಮಹಾಮಸ್ತಕಾಭಿಷೇಕ’ ಅಂತ ಟ್ಯಾಗ್ ಹಾಕಿದರೆ ಅದು 76 ಬೈಟ್ ಆಗುತ್ತದೆ. ಮಿತಿಯನ್ನು ಚಾಚೂ ತಪ್ಪದೆ ಪಾಲಿಸುವ ಪ್ರೋಗ್ರಾಮ್ ಅದನ್ನು ‘ಶ್ರವಣಬೆಳಗೊಳ ಮಹಾಮಸ್ತಕಾಭ’ ಅಂತ ಕತ್ತರಿಸಿಬಿಡುತ್ತದೆ! ಎಕ್ಸ್‌ಎಂಪಿಯಲ್ಲಿ ಈ ಕಾಟ ಇಲ್ಲ. ಸುಮ್ನೆ ಎರಡು ಟ್ಯಾಗ್ ಮಾಡಿಬಿಡಿ, ಊರು ಒಂದು, ಸಂದರ್ಭ ಒಂದು. ಹುಡುಕೋಕೂ ಅದೇ ಅನುಕೂಲ. ಹಾಗೇ, ಮನೆಯಲ್ಲಿ ಇಬ್ಬರು ಟ್ಯಾಗ್ ಹಾಕುವುದಾದರೆ ಮೊದಲೇ ಮಾತಾಡಿಕೊಳ್ಳಿ. ಒಬ್ಬರು ‘ಗೃಹಪ್ರವೇಶ’, ಇನ್ನೊಬ್ಬರು ‘ಮನೆ ಒಕ್ಕಲು’ ಅಂತ ಬರೆದರೆ ಅರ್ಧ ಫೋಟೋ ಸಿಗುವುದೇ ಇಲ್ಲ.

ಇನ್ನು ಉಳಿದ ಹೆಸರುಗಳು. ನೀವು ಕ್ಯಾಮೆರಾದಲ್ಲಿ ರಾ ತೆಗೆದು ಬಣ್ಣ, ಬೆಳಕು ತಿದ್ದುವವರಾದರೆ ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್‌ಗೆ ದುಡ್ಡು ಕೊಡಬಹುದು. ಬರೀ ಜೋಡಿಸಿಡುವುದಕ್ಕೆ ತಿಂಗಳು ತಿಂಗಳು ಚಂದಾ ಕಟ್ಟೋದು ನನ್ನ ಮಟ್ಟಿಗೆ ದಂಡ. ಲೈಟ್‌ರೂಮ್ ನೀವು ಬರೆದದ್ದೆಲ್ಲವನ್ನೂ ಕ್ಯಾಟಲಾಗ್ ಅನ್ನುವ ಒಂದು ಫೈಲಿನಲ್ಲಿ ಇಡುತ್ತದೆ. ಬದಲಾವಣೆಗಳನ್ನು ಎಕ್ಸ್‌ಎಂಪಿಗೆ ತಾನಾಗಿ ಬರೆಯುವ ಆಯ್ಕೆ ಕ್ಯಾಟಲಾಗ್ ಸೆಟ್ಟಿಂಗಿನಲ್ಲಿದೆ, ಅದನ್ನು ಆನ್ ಮಾಡಿ. ಆಗ ಟ್ಯಾಗು, ಶೀರ್ಷಿಕೆ, ಸ್ಟಾರ್ ರೇಟಿಂಗ್ ಹೊರಗೆ ಬರುತ್ತವೆ. ಕಲೆಕ್ಷನ್ನುಗಳು (ಅಲ್ಲಿ ಮಾಡಿಕೊಂಡ ಗುಂಪುಗಳು) ಬರುವುದಿಲ್ಲ. ನೀವು ಕಷ್ಟಪಟ್ಟು ಮಾಡಿದ ವಿಂಗಡಣೆ ಬರೀ ಕಲೆಕ್ಷನ್ನಿನಲ್ಲೇ ಇದ್ದರೆ ಅದು ಅಲ್ಲೇ ಉಳಿಯುತ್ತದೆ. ಮುಖ್ಯವಾದದ್ದಕ್ಕೆ ಟ್ಯಾಗನ್ನೂ ಹಾಕಿ. ರಾ ಮೇಲೆ ಮಾಡಿದ ತಿದ್ದುಪಡಿ ಎಕ್ಸ್‌ಎಂಪಿಯಲ್ಲಿ ಬಂದರೂ ಬೇರೆ ಪ್ರೋಗ್ರಾಮಿಗೆ ಆ ಭಾಷೆ ಅರ್ಥ ಆಗೋದಿಲ್ಲ, ತಿದ್ದಿದ ಫೋಟೋವನ್ನು ಜೆಪೆಗ್ ಮಾಡಿ ಇಟ್ಟುಕೊಳ್ಳಬೇಕು.

ಮನೆಯಲ್ಲಿ ಎಲ್ಲರದೂ ಐಫೋನು, ಮ್ಯಾಕು ಆದರೆ ಆಪಲ್ ಫೋಟೋಸ್ ಸಾಕು. ಹೊರಗೆ ತೆಗೆಯುವಾಗ ಮೂಲ ಫೈಲಿನ ಜೊತೆ ಎಕ್ಸ್‌ಎಂಪಿ ಕೂಡ ಕೊಡು ಅನ್ನುವ ಚೆಕ್‌ಬಾಕ್ಸ್ ಇದೆ, ಅದಕ್ಕೆ ಟಿಕ್ ಹಾಕಲು ಮರೆಯಬೇಡಿ.

ಗೂಗಲ್ ಫೋಟೋಸ್ ಹುಡುಕುವುದರಲ್ಲಿ ನಿಜಕ್ಕೂ ಜಾಣ. ಆದರೆ ಮಿತಿಯಿಲ್ಲದ ಪುಕ್ಕಟೆ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ಒಂದು ಫೋಟೋ 4 ಎಂಬಿ ಅಂತ ಹಿಡಿದರೂ ನಾಲ್ಕು ಸಾವಿರಕ್ಕೂ ಕಮ್ಮಿ ಫೋಟೋ ಹಿಡಿಸುತ್ತದೆ. ನಿಮ್ಮ ಅರವತ್ತು ಸಾವಿರಕ್ಕೆ 240 ಜಿಬಿ ಬೇಕು. ಅಲ್ಲಿಂದ ಹೊರಗೆ ಬರಲು, ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳುವ ಟೇಕ್‌ಔಟ್ ಇದೆ. ಅಲ್ಲಿ ತಿದ್ದಿದ ದಿನಾಂಕ, ಬರೆದ ವಿವರಣೆ ಫೋಟೋದೊಳಗೆ ಬರುವುದಿಲ್ಲ, ಪಕ್ಕದ ಜೇಸನ್ ಅನ್ನುವ ಬರಹದ ಫೈಲಿನಲ್ಲಿ ಬರುತ್ತದೆ. ಎಕ್ಸಿಫ್‌ಟೂಲ್ ಅನ್ನುವ ಪ್ರೋಗ್ರಾಮು ಗೊತ್ತಿರುವವರು ಅದನ್ನು ಮತ್ತೆ ಫೋಟೋಗೆ ತುಂಬಬಹುದು. ಗೊತ್ತಿಲ್ಲದವರಿಗೆ ತಲೆನೋವು. ಫೋನಿನ ಫೋಟೋ ತಕ್ಷಣ ಒಂದು ಕಡೆ ಸೇರಲಿ ಅನ್ನುವುದಕ್ಕೆ ಇಟ್ಟುಕೊಳ್ಳಿ, ಮನೆಯ ಮೂಲ ಸಂಗ್ರಹವಾಗಿ ಬೇಡ.

ಇಮಿಚ್ ಹೆಸರನ್ನೂ ಈಗ ಜನ ಜಾಸ್ತಿ ಹೇಳುತ್ತಿದ್ದಾರೆ. ಗೂಗಲ್ ಫೋಟೋಸ್ ಥರದ್ದನ್ನೇ ನಮ್ಮ ಮನೆಯ ಕಂಪ್ಯೂಟರಿನಲ್ಲಿ ನಡೆಸುವ ಮುಕ್ತ ತಂತ್ರಾಂಶ. ಚೆನ್ನಾಗಿದೆ. ಆದರೆ ಅದನ್ನು ನಡೆಸುವ ಡಾಕರ್ ಅನ್ನುವ ಸಾಧನ ಅಂದರೆ ಏನು ಅಂತ ಗೊತ್ತಿರಬೇಕು, ಒಂದು ಮಿಷನ್ ಹಗಲು ರಾತ್ರಿ ಓಡಬೇಕು, ಕರೆಂಟು ಹೋದರೆ ಅಂತ ಯುಪಿಎಸ್ಸೂ ಇರಬೇಕು.

ಡಿಜಿಕ್ಯಾಮಿಗೆ ಬರೋಣ. ನೋಡೋಕೆ ಅಷ್ಟೇನೂ ಚೆಂದ ಇಲ್ಲ, ಮೆನು ತುಂಬ ಮೆನು. ಮೊದಲ ಸಲ ಎಲ್ಲ ಫೋಟೋ ಓದಿಕೊಳ್ಳಲು ಹೊತ್ತು ಹಿಡಿಯುತ್ತದೆ. ಆದರೆ ನಿಮ್ಮ ಫೋಲ್ಡರೇ ಅದರ ಆಲ್ಬಮ್ಮು, ಫೋಟೋಗಳನ್ನು ತನ್ನ ಗೂಡಿಗೆ ಎಳೆದುಕೊಳ್ಳುವುದಿಲ್ಲ. ಶುರುವಿನಲ್ಲೇ ಮಾಹಿತಿಯನ್ನು ಫೈಲಿಗೆ ಬರೆಯಲಾ ಅಂತ ಕೇಳುತ್ತದೆ, ಹೂಂ ಅನ್ನಿ. ಆಮೇಲೆ ಸೆಟ್ಟಿಂಗಿನ ಮೆಟಾಡೇಟಾ (ಫೋಟೋ ಬಗೆಗಿನ ಮಾಹಿತಿ) ಪುಟಕ್ಕೆ ಹೋಗಿ ಟ್ಯಾಗು, ಶೀರ್ಷಿಕೆ, ರೇಟಿಂಗು, ಮುಖಗಳು ಎಲ್ಲಕ್ಕೂ ಟಿಕ್ ಇದೆಯಾ ನೋಡಿ. ಅದೇ ಪುಟದಲ್ಲಿ ಸೈಡ್‌ಕಾರ್ ಟ್ಯಾಬ್ ಇದೆ. ಡಿಜಿಕ್ಯಾಮ್ ಸೈಡ್‌ಕಾರಿಗೆ ಫೋಟೋದ ಪೂರ್ತಿ ಹೆಸರಿನ ಕೊನೆಗೆ ಎಕ್ಸ್‌ಎಂಪಿ ಸೇರಿಸುತ್ತದೆ, ಲೈಟ್‌ರೂಮ್ ರಾ ಫೈಲಿನ ಹೆಸರಿನ ಬಾಲ (ಚುಕ್ಕಿಯ ನಂತರದ ಭಾಗ) ತೆಗೆದು ಸೇರಿಸುತ್ತದೆ. ಎರಡನ್ನೂ ಬಳಸುವವರಿಗಾಗಿ ವಾಣಿಜ್ಯ ಪ್ರೋಗ್ರಾಮುಗಳಿಗೆ ಹೊಂದುವ ಹೆಸರು ಅನ್ನುವ ಆಯ್ಕೆ ಅಲ್ಲೇ ಇದೆ. ಇದೆಲ್ಲ ಮಾಡುವ ಮೊದಲು ಡಿಸ್ಕಿನ ಪೂರ್ತಿ ನಕಲು ಒಂದು ಇರಲೇಬೇಕು. ಡಿಸ್ಕು ಕ್ಲೌಡಿಗೆ ಸಿಂಕ್ ಆಗುತ್ತಿದ್ದರೆ, ಟ್ಯಾಗ್ ಬರೆದ ಪ್ರತಿ ಫೈಲೂ ಮತ್ತೆ ಅಪ್‌ಲೋಡ್ ಆಗುತ್ತದೆ ಅನ್ನುವುದೂ ತಲೆಯಲ್ಲಿರಲಿ.

ಮೊದಲು ಮುಖಗಳಿಗೆ ಕೈ ಹಾಕಬೇಡಿ. ದಿನಾಂಕದಿಂದ ಶುರು ಮಾಡಿ. ಹಳೇ ಕ್ಯಾಮೆರಾದ ಬ್ಯಾಟರಿ ಖಾಲಿಯಾಗಿ ಗಡಿಯಾರ ಹಿಂದಕ್ಕೆ ಹೋಗಿದ್ದರೆ ನಿಮ್ಮ 2009ರ ಪ್ರವಾಸ ಯಾವುದೋ ಕಾಲದ ಜನವರಿ ಒಂದಕ್ಕೆ ಹೋಗಿ ಕೂತಿರುತ್ತದೆ. ಇಡೀ ಗುಂಪನ್ನು ಆರಿಸಿ ಒಂದೇ ಸಲ ಅಷ್ಟು ದಿನ, ಅಷ್ಟು ಗಂಟೆ ಮುಂದೆ ತಳ್ಳುವ ಸೌಲಭ್ಯ ಡಿಜಿಕ್ಯಾಮಿನಲ್ಲಿದೆ. ಸ್ಕ್ಯಾನ್ ಮಾಡಿದವುಗಳಲ್ಲಿ ಸ್ಕ್ಯಾನ್ ಮಾಡಿದ ದಿನ ಇರುತ್ತದೆ, ತಾತನ ಷಷ್ಟ್ಯಬ್ದಿ ಮೊನ್ನೆ ನಡೆದಂತೆ ಕಾಣುತ್ತದೆ. ವರ್ಷ ಮಾತ್ರ ಗೊತ್ತಿದ್ದರೂ ಆ ವರ್ಷದ ಜನವರಿ 1 ಅಂತ ಹಾಕಿ ‘ಅಂದಾಜು ದಿನಾಂಕ’ ಅಂತ ಟ್ಯಾಗ್ ಕೊಡಿ.

ವಾಟ್ಸಾಪಿನವು ಬೇರೆ ಕಥೆ. ಮಾಮೂಲಿಯಾಗಿ ಕಳಿಸಿದ ಫೋಟೋದಿಂದ ವಾಟ್ಸಾಪ್ ಎಕ್ಸಿಫ್ ಕಿತ್ತುಹಾಕಿ, ಚಿತ್ರವನ್ನೂ ಚಿಕ್ಕದು ಮಾಡುತ್ತದೆ. ಉಳಿಯುವ ಸುಳಿವು ಫೈಲಿನ ಹೆಸರು ಮಾತ್ರ. ‘ಐಎಂಜಿ-20190412-ಡಬ್ಲ್ಯೂಎ0007’ ಅಂತಿದ್ದರೆ ಅದು 2019ರ ಏಪ್ರಿಲ್ 12ಕ್ಕೆ ನಿಮ್ಮ ಫೋನಿಗೆ ಬಂದದ್ದು, ತೆಗೆದದ್ದು ಅವತ್ತೇ ಅಂತ ಹೇಳೋಕಾಗದು. ಇವನ್ನೆಲ್ಲ ಬೇರೆ ಫೋಲ್ಡರಿಗೆ ಸರಿಸಿ. ಗುಡ್ ಮಾರ್ನಿಂಗ್, ಹಬ್ಬದ ಶುಭಾಶಯ ತೆಗೆದುಹಾಕಿದರೇ ನಿಮ್ಮ ಅರವತ್ತು ಸಾವಿರ ಎಷ್ಟೋ ಇಳಿಯುತ್ತದೆ. ಆಮೇಲೆ ಡಿಜಿಕ್ಯಾಮಿನಲ್ಲಿ ಒಂದೇ ಥರದವನ್ನು ಹುಡುಕುವ ಸೌಲಭ್ಯ ಬಳಸಿ. ಒಂದೇ ಫೋಟೋ ಎರಡು ಕಡೆ ಇದ್ದರೆ ದೊಡ್ಡ ಫೈಲು, ಎಕ್ಸಿಫ್ ಇರುವ ಫೈಲು ಇಟ್ಟುಕೊಳ್ಳಿ. ಇನ್ನೊಂದನ್ನು ಕೂಡಲೇ ಅಳಿಸಬೇಡಿ, ‘ಬೇಡದ್ದು’ ಅಂತ ಫೋಲ್ಡರ್ ಮಾಡಿ ಕೆಲವು ತಿಂಗಳು ಇಡಿ.

ಮುಖಗಳು ಕೊನೆಗೆ. ಡಿಜಿಕ್ಯಾಮ್ ಮುಖ ಗುರುತಿಸುವ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಫೋಟೋ ಹೊರಗೆ ಹೋಗುವುದಿಲ್ಲ. ದೊಡ್ಡವರನ್ನು ಚೆನ್ನಾಗಿ ಹಿಡಿಯುತ್ತದೆ, ಬೆಳೆಯುವ ಮಕ್ಕಳ ವಿಷಯದಲ್ಲಿ ಎಡವುತ್ತದೆ. ಅಕ್ಕತಂಗಿಯರನ್ನು ಅದಲುಬದಲು ಮಾಡುವುದೂ ಉಂಟು, ಕೂತು ನೋಡಿ ಒಪ್ಪಬೇಕು.

ಫೋಟೋಗಳು ಹೊರಗಿನ ಡಿಸ್ಕಿನಲ್ಲಿದ್ದರೂ ಡಿಜಿಕ್ಯಾಮಿನ ಡೇಟಾಬೇಸ್ (ಅದರ ಲೆಕ್ಕದ ಪುಸ್ತಕ) ಕಂಪ್ಯೂಟರಿನೊಳಗಿನ ಎಸ್‌ಎಸ್‌ಡಿಯಲ್ಲೇ ಇರಲಿ, ಇಲ್ಲದಿದ್ದರೆ ಎಲ್ಲವೂ ನಿಧಾನ. ನಕಲುಗಳ ವಿಷಯದಲ್ಲಿ ಫೋಟೋದವರು ಹೇಳುವ ಲೆಕ್ಕ 3-2-1: ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ. ಹೊರಗಿನದು ಊರಿನಲ್ಲಿರುವ ತಮ್ಮನ ಬೀರುವಿನಲ್ಲಿ ಇಟ್ಟ ಡಿಸ್ಕ್ ಆದರೂ ನಡೆಯುತ್ತದೆ, ಹಬ್ಬಕ್ಕೆ ಹೋದಾಗ ಬದಲಿಸಿಕೊಂಡು ಬನ್ನಿ. ಡೇಟಾಬೇಸ್ ಫೈಲುಗಳನ್ನೂ ಜೊತೆಗೆ ನಕಲು ಮಾಡಿ. ಅಕಸ್ಮಾತ್ ಅದು ಹಾಳಾದರೂ ಟ್ಯಾಗುಗಳು ಫೋಟೋದಲ್ಲೇ ಇವೆ. ಡಿಜಿಕ್ಯಾಮಿಗೆ ಫೋಲ್ಡರ್ ತೋರಿಸಿ ಮತ್ತೆ ಓದಿಕೋ ಅಂದು ಮಲಗಿ, ಬೆಳಗ್ಗೆ ಎದ್ದು ನೋಡಿದರಾಯಿತು.