ಟೈ ಅಂಡ್ ಡೈ: ಬಾಗಿದ ಗೆರೆಯನ್ನು ನೆರಿಗೆಯಲ್ಲಿ ನೇರ ಮಾಡುವುದು

ಬಟ್ಟೆಯನ್ನು ಮಡಚಿ, ದಾರ ಕಟ್ಟಿ ಬಣ್ಣ ಹಾಕುವ ಟೈ ಅಂಡ್ ಡೈಯಲ್ಲಿ ಸುರುಳಿ ಡಿಸೈನ್ ಎಲ್ಲರಿಗೂ ಬಂದಿದೆ, ಅದರ ಬಗ್ಗೆ ಬರೆಯುವುದಿಲ್ಲ. ನಮ್ಮ ಮೈಸೂರಿನ ಕಲಿಯುವ ಗುಂಪಿನಲ್ಲಿ ಎಲ್ಲರೂ ಸಿಕ್ಕಿಕೊಳ್ಳುವುದು ಒಂದೇ ಕಡೆ: ಟೀ ಶರ್ಟಿನ ಎದೆ ಮೇಲೆ ಹೃದಯ, ಎಲೆ, ಚಿಟ್ಟೆ ಥರದ ಆಕಾರ ಸ್ಪಷ್ಟವಾಗಿ ಮೂಡಿಸುವುದು. ತಲೆಯಲ್ಲಿ ಹಸಿಯಾಗಿರುವಾಗಲೇ ಅದನ್ನು ಬರೆದಿಡುತ್ತಿದ್ದೇನೆ.

ಬಟ್ಟೆ, ಸೋಡಾ

ಪೂರ್ತಿ ಹತ್ತಿಯ ಶರ್ಟ್ ತಗೊಳ್ಳಿ. ಪಾಲಿಯೆಸ್ಟರ್ ಬೆರೆತಿದ್ದರೆ ಬಣ್ಣ ಮಂಕು. ಹೊಸದನ್ನು ಒಮ್ಮೆ ಒಗೆದು ಗಂಜಿ ತೆಗೆಯಿರಿ. ಬಣ್ಣ ರಿಯಾಕ್ಟಿವ್ ಡೈ, ಪ್ರೋಸಿಯಾನ್ ಎಂಎಕ್ಸ್ ಬಗೆಯದು. ಐಸಿಐ ಕಂಪನಿ 1956ರಲ್ಲಿ ಮಾರುಕಟ್ಟೆಗೆ ತಂದ ಈ ಬಗೆಯ ಬಣ್ಣ ಕುದಿಸದೆಯೇ ಹತ್ತಿಯ ಎಳೆಗೆ ಕೂಡಿಕೊಳ್ಳುತ್ತದೆ. ಆದರೆ ಅದಕ್ಕೆ ಕ್ಷಾರ ಬೇಕು, ಅದಕ್ಕೇ ಸೋಡಾ ಆಶ್, ಅಂದರೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ ಪುಡಿ.

ಲೀಟರ್ ನೀರಿಗೆ ಸುಮಾರು 50 ಗ್ರಾಂ ಸೋಡಾ ಆಶ್ ಹಾಕಿ, ಶರ್ಟನ್ನು ಕಾಲು ಗಂಟೆ ನೆನೆಸಿ, ಗಟ್ಟಿಯಾಗಿ ಹಿಂಡಿ. ಸಿಕ್ಕಿದ್ದು ಹರಳು ಹರಳಾದ ವಾಷಿಂಗ್ ಸೋಡಾ ಆದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಬೇಕು. ಅಡುಗೆ ಸೋಡಾ ನಡೆಯುವುದಿಲ್ಲ. ಬೋರ್‌ವೆಲ್ ನೀರಲ್ಲಿ ಸೋಡಾ ಹಾಕಿದರೆ ಬಿಳಿ ಪುಡಿ ಕೆಳಗೆ ಕೂರುತ್ತದೆ, ಕಾವೇರಿ ನೀರು ಬರುವ ದಿನ ಹಿಡಿದಿಟ್ಟುಕೊಳ್ಳಿ.

ನೆರಿಗೆ

ಶರ್ಟನ್ನು ಉದ್ದಕ್ಕೆ ಸರಿಯಾಗಿ ಎರಡು ಮಡಚಿ. ಮಡಿಕೆಗೆ ತಾಗಿದಂತೆ ಅರ್ಧ ಹೃದಯ ಬರೆಯಿರಿ. ಮಕ್ಕಳ ಸ್ಕೆಚ್ ಪೆನ್ನುಗಳಲ್ಲಿ ನೀರಿಗೆ ಹೋಗುವಂಥದ್ದೇ ಸಾಕು. ಈಗ ಈ ಬಾಗಿದ ಗೆರೆ ಪೂರ್ತಿ ಒಂದೇ ಕಡೆ ಬಂದು, ಒಂದರ ಮೇಲೊಂದು ಕೂತು, ಅಡ್ಡಕ್ಕೆ ಒಂದೇ ನೇರ ಗೆರೆ ಆಗಬೇಕು. ಆಗ ಅದರ ಮೇಲೆ ದಾರ ಸುತ್ತಿದರೆ ಇಡೀ ಹೃದಯದ ಅಂಚಿಗೆ ದಾರ ಸುತ್ತಿದ ಹಾಗೆ.

ಬಾಗಿದ್ದು ನೇರ ಹೇಗಾಗುತ್ತದೆ? ಎಲ್ಲರೂ ಮೊದಲು ಗೆರೆಯ ಜೊತೆಜೊತೆಗೇ ಮಡಚಲು ಹೋಗುತ್ತೇವೆ. ಹಾಗಲ್ಲ. ಪ್ರತಿ ಮಡಿಕೆಯೂ ಗೆರೆಯನ್ನು ಅಡ್ಡ ಕತ್ತರಿಸಬೇಕು. ಗೆರೆ ಆ ಜಾಗದಲ್ಲಿ ಯಾವ ಕಡೆ ಹೋಗುತ್ತಿದೆಯೋ, ಮಡಿಕೆ ಅದಕ್ಕೆ ಸರಿಯಾಗಿ ಲಂಬ. ಗೆರೆ ತಿರುಗಿದ ಹಾಗೆ ಮಡಿಕೆಯೂ ತಿರುಗುತ್ತದೆ. ಒಂದು ಮಡಿಕೆ ಮೇಲೆ, ಮುಂದಿನದು ಕೆಳಗೆ, ಸೀರೆ ನೆರಿಗೆ ಹಿಡಿದ ಹಾಗೆ.

ಇಲ್ಲಿಂದ ಇನ್ನೊಂದು ಗೊಂದಲ. ತಿರುವಿನಲ್ಲಿ ನೆರಿಗೆ ಒಂದೇ ಅಗಲ ಇರುವುದಿಲ್ಲ. ಬಾಗಿನ ಒಳಗಡೆ ಕಿರಿದು, ಹೊರಗಡೆ ಅಗಲ. ಕಣ್ಣಿಗೆ ವಕ್ರವಾಗಿ ಕಾಣುತ್ತದೆ ಅಂತ ಹೊರಗಡೆಯನ್ನೂ ಸಮ ಮಾಡಲು ಎಳೆದರೆ ಗೆರೆ ಜಾರಿತು ಅಂತಲೇ ಲೆಕ್ಕ. ಅಳತೆ ನೋಡಬೇಕಾದ್ದು ಗೆರೆಯ ಮೇಲೆ ಮಾತ್ರ. ಅಲ್ಲಿ ಪ್ರತಿ ನೆರಿಗೆ ಒಂದು ಸೆಂಟಿಮೀಟರ್ ಇದ್ದರೆ ಸಾಕು, ಹೊರಗೆ ಎಷ್ಟಾದರೂ ಬೀಸಣಿಗೆಯಂತೆ ಬಿಚ್ಚಿಕೊಳ್ಳಲಿ. ಹೃದಯದ ತಲೆಭಾಗದ ಕಡಿದಾದ ತಿರುವಿನಲ್ಲಿ ನೆರಿಗೆ ಅರ್ಧ ಸೆಂಟಿಮೀಟರಿಗೆ ಇಳಿಸಿ.

ಸರಿ ಬಂತಾ ಅಂತ ನೋಡಲು ನನಗೆ ತುಂಬ ಇಷ್ಟವಾದ ಉಪಾಯ: ಕಟ್ಟುವ ಮುಂಚೆ ನೆರಿಗೆಗಳನ್ನು ಎರಡು ಬೆರಳಲ್ಲಿ ಒತ್ತಿಹಿಡಿದು ಅಂಚಿನ ಕಡೆಯಿಂದ ನೋಡಿ. ಪ್ರತಿ ಮಡಿಕೆಯ ತುದಿಯಲ್ಲೂ ಪೆನ್ನಿನ ಒಂದು ಚುಕ್ಕೆ ಕಾಣುತ್ತದೆ. ಚುಕ್ಕೆಗಳು ಸಾಲಾಗಿ ನಿಂತಿದ್ದರೆ ಕಟ್ಟಿ. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಆ ನೆರಿಗೆ ಮಾತ್ರ ಬಿಚ್ಚಿ ಜರುಗಿಸಿ. ಒದ್ದೆ ಬಟ್ಟೆ ಹೇಳಿದ ಹಾಗೆ ಕೇಳುತ್ತದೆ, ಒಣ ಬಟ್ಟೆ ಚಿಮ್ಮುತ್ತದೆ.

ಕಟ್ಟಲು ರಬ್ಬರ್ ಬ್ಯಾಂಡ್ ಬೇಡ. ಮೇಣ ಹಚ್ಚಿದ ಗಟ್ಟಿ ದಾರವನ್ನು ಗೆರೆಯ ಮೇಲೇ ಬಿಗಿಯಾಗಿ ಎಳೆದು ಸುತ್ತಿ. ದಾರದ ಅಗಲವೇ ಹೃದಯದ ಸುತ್ತ ಬಿಳಿ ಅಂಚಾಗಿ ಉಳಿಯುತ್ತದೆ.

ಮಂಡಲಕ್ಕೆ, ಅಂದರೆ ನಡುವಿನಿಂದ ಸುತ್ತಲೂ ಹರಡುವ ದುಂಡು ಡಿಸೈನಿಗೆ, ಇದೇ ಬುದ್ಧಿ. ಎರಡು ಮಡಚಿದ ಮೇಲೆ ನಡುಬಿಂದುವಿನಿಂದ ಎಂಟು ತ್ರಿಕೋನ ಮಾಡಿ, ಒಂದೊಂದು 22.5 ಡಿಗ್ರಿ. ಸುತ್ತಿಕೊಂಡು ಹೋಗದೆ ಹಿಂದೆ ಮುಂದೆ ಮಡಚಿ, ಇಲ್ಲದಿದ್ದರೆ ಒಳಪದರಕ್ಕೆ ಬಣ್ಣ ತಲುಪುವುದಿಲ್ಲ. ಓರೆ ಗೆರೆ ಕಟ್ಟಿದರೆ ನಕ್ಷತ್ರ, ಬಾಗಿದ್ದು ಕಟ್ಟಿದರೆ ದಳ.

ಬಣ್ಣ, ಒಗೆತ

ಪುಡಿ ಕಲಸುವಾಗ ಮಾಸ್ಕ್ ಬೇಕೇ ಬೇಕು. ಈ ಪುಡಿ ಉಸಿರಲ್ಲಿ ಹೋದರೆ ಕೆಲವರಿಗೆ ಆಸ್ತಮಾ ಥರದ ಅಲರ್ಜಿ ಶುರುವಾಗುತ್ತದೆ. ಕೈಗೆ ಗ್ಲೌಸ್ ಇರಲಿ. ನೂರು ಎಂಎಲ್ ನೀರಿಗೆ 2ರಿಂದ 4 ಗ್ರಾಂ ಸಾಕು. ಬಾಟಲಿಯ ಮೂತಿಯನ್ನು ನೆರಿಗೆಗಳ ನಡುವೆ ತೂರಿಸಿ ಸ್ವಲ್ಪ ಸ್ವಲ್ಪ ಬಿಡಿ, ತಿರುಗಿಸಿ ಇನ್ನೊಂದು ಮಗ್ಗುಲಿಗೂ ಬಿಡಿ. ಸುರಿದರೆ ದಾರ ದಾಟಿ ಹೋಗುತ್ತದೆ.

ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆಯಾಗಿಯೇ 24 ಗಂಟೆ ಇರಲಿ. ಡಿಸೆಂಬರ್ ಚಳಿಯಲ್ಲಿ ಹೊರಗೆ ಇಡಬೇಡಿ. 21 ಡಿಗ್ರಿಗಿಂತ ಕೆಳಗೆ ಬಣ್ಣ ಹಿಡಿಯುವುದು ತುಂಬ ನಿಧಾನ, ಅದರಲ್ಲೂ ಟರ್ಕಾಯ್ಸ್ ನೀಲಿ.

ಮೊದಲು ಕಟ್ಟು ಬಿಚ್ಚದೆ ತಣ್ಣೀರಲ್ಲಿ ಜಾಲಿಸಿ, ಸೋಡಾ ಹೋಗಲಿ. ಆಮೇಲೆ ಬಿಚ್ಚಿ ಮತ್ತೆ ಜಾಲಿಸಿ. ಕೊನೆಗೆ ಸೋಪು ಹಾಕಿದ ಬಿಸಿನೀರು. ಹಿಡಿಯದೆ ಉಳಿದ ಬಣ್ಣ ಬಿಸಿನೀರಲ್ಲೇ ಬಿಟ್ಟುಕೊಳ್ಳುವುದು, ತಣ್ಣೀರಲ್ಲೇ ನಿಲ್ಲಿಸಿದರೆ ಮುಂದಿನ ಒಗೆತದಲ್ಲಿ ಬಿಳಿ ಅಂಚಿಗೆ ಹತ್ತುತ್ತದೆ. ನೀರು ತಿಳಿಯಾಗುವ ತನಕ ಬದಲಿಸುತ್ತಿರಿ.